ಮಸ್ಟಾಂಗಿನ ಮೂರನೇ ಗೇರು: ಎಟಿಎಫ್ ಬದಲಾದಾಗ ಏನಾಯಿತು

ಗಾಡಿ ನನ್ನಲ್ಲಿಗೆ ಬರುವ ಹೊತ್ತಿಗೆ ಅದರ ಗೇರ್‌ಬಾಕ್ಸಿನ ಹಣೆಬರಹ ಬರೆದಾಗಿತ್ತು. ಮುಂದಿನ ಸೀಟಿನ ಮೇಲೆ ಒಂದು ಗ್ಯಾರೇಜಿನ ಚೀಟಿ: ‘ಮೂರನೇ ಗೇರಿನ ಕ್ಲಚ್ ಮುಗಿದಿದೆ. ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕು.’ ಕಾರು 1968ರ ಫೋರ್ಡ್ ಮಸ್ಟಾಂಗ್. 289 ಘನ ಅಂಗುಲದ ವಿ-8 ಎಂಜಿನ್, ಅದರ ಬೆನ್ನಿಗೆ ಸಿ-4 ಎಂಬ ಮೂರು ಗೇರಿನ ಆಟೋಮ್ಯಾಟಿಕ್. ಮಾಲೀಕರು ನನ್ನ ಹಳೆಯ ಸ್ನೇಹಿತರು. ಗಾಡಿಗೆ ಬೇಕಾದ ಕೆಲಸ ಮಾಡಿಸಲು ಹಿಂದೆಮುಂದೆ ನೋಡುವವರಲ್ಲ. ಅವರನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ: ‘ಎರಡು ವರ್ಷದ ಕೆಳಗೆ ಚೆನ್ನಾಗಿದ್ದದ್ದು ಇಷ್ಟು ಬೇಗ ಹೇಗೆ ಸವೆಯಿತು? ವರ್ಷಕ್ಕೆ ಮೂರು ಸಾವಿರ ಕಿ.ಮೀ. ಕೂಡ ಓಡಿಸುವುದಿಲ್ಲ ನಾನು.’

ಅವರಿಗೆ ಒಂದು ಒಳ್ಳೆಯ ರೂಢಿ ಇದೆ. ಗಾಡಿಗೆ ಏನೇ ಮಾಡಿಸಿದರೂ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅದನ್ನು ತಿರುವಿ ಹಾಕಿದಾಗ ಎರಡು ನಮೂದುಗಳು ಸಿಕ್ಕವು. ಎರಡು ವರ್ಷದ ಹಿಂದೆ ಗೇರ್‌ಬಾಕ್ಸಿನ ಪ್ಯಾನ್, ಎಂದರೆ ತಳದ ಎಣ್ಣೆ ತಟ್ಟೆ, ಬಿಚ್ಚಿ, ಒಳಗಿನ ಜಾಲರಿ ತೊಳೆದು, ಹೊಸ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ತುಂಬಿಸಿದ್ದರು: ನಾಲ್ಕು ಲೀಟರ್. ಪಕ್ಕದಲ್ಲಿ ಅವರದೇ ಅಕ್ಷರ: ‘ಗೇರು ಈಗ ಬೆಣ್ಣೆ ಹಾಗೆ ಬೀಳುತ್ತದೆ.’ ಹನ್ನೊಂದು ತಿಂಗಳ ನಂತರ ಪ್ಯಾನಿನ ಗ್ಯಾಸ್ಕೆಟ್ ಸೋರಿದ್ದರಿಂದ ಮತ್ತೆ ಪ್ಯಾನ್ ಬಿಚ್ಚಿ, ಮತ್ತೆ ನಾಲ್ಕು ಲೀಟರ್. ಅದಾದ ಒಂದೆರಡು ತಿಂಗಳಿಗೆ ತೊಂದರೆ ಶುರು.

ಹಳೆಯ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಮಾರನೆಯ ದಿನವೇ ಬೆಣ್ಣೆಯಂತಾಯಿತು ಅಂದರೆ ನನಗೆ ಸಂತೋಷವಾಗುವುದಿಲ್ಲ, ಅನುಮಾನ ಬರುತ್ತದೆ. ಗೇರು ಬೀಳುವ ರೀತಿ ಬದಲಾಯಿತು ಎಂದರೆ ಕ್ಲಚ್ ಹಿಡಿಯುವ ರೀತಿ ಬದಲಾಗಿದೆ ಎಂದೇ ಅರ್ಥ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದು ಆಮೇಲಿನ ಮಾತು. ಆ ಒಂದು ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಗಾಡಿ ಓಡಿಸಲು ಹೊರಟೆ.

ಎಂಜಿನ್ ತಣ್ಣಗಿದ್ದಾಗ ಒಂದರಿಂದ ಎರಡನೇ ಗೇರಿಗೆ ಹೋದದ್ದು ಗೊತ್ತೇ ಆಗಲಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ನಡುವೆ ಒಂದು ಗುಂಡಿ ಬಿದ್ದ ಹಾಗೆ: ಎರಡನೆಯದು ಬಿಟ್ಟಿತು, ಮೂರನೆಯದು ಇನ್ನೂ ಹಿಡಿದಿಲ್ಲ, ಆ ಅರ್ಧ ಸೆಕೆಂಡಿನಲ್ಲಿ ಎಂಜಿನ್ ತನ್ನ ಪಾಡಿಗೆ ತಾನು ಕೂಗಿ ಆಮೇಲೆ ಇಳಿಯಿತು. ಇಪ್ಪತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಒಂದು ಉದ್ದನೆಯ ಏರು ಹತ್ತಿಸಿದೆ. ಮೂರನೇ ಗೇರಿನಲ್ಲಿ ಪೆಡಲ್ ಅರ್ಧಕ್ಕೆ ಒತ್ತಿದಾಗ ಎಂಜಿನ್ ವೇಗ ಏರಿತು, ಗಾಡಿಯ ವೇಗ ಏರಲಿಲ್ಲ. ಕಾಲು ಸ್ವಲ್ಪ ಸಡಿಲಿಸಿದ ಕೂಡಲೇ ಮತ್ತೆ ಹಿಡಿಯಿತು. ಕ್ಲಚ್ ಜಾರುತ್ತಿದೆ ಎಂಬುದರಲ್ಲಿ ಆ ಗ್ಯಾರೇಜಿನವರು ಹೇಳಿದ್ದು ನಿಜವೇ. ಯಾಕೆ ಜಾರುತ್ತಿದೆ ಎಂಬುದಷ್ಟೇ ಉಳಿದಿತ್ತು.

ಮೊದಲು ಎಣ್ಣೆಯ ಮಟ್ಟ. ಸಿ-4ರಲ್ಲಿ ಇದನ್ನು ಗೇರ್‌ಬಾಕ್ಸ್ ಬಿಸಿ ಇರುವಾಗ, ಎಂಜಿನ್ ಓಡುತ್ತಿರುವಾಗ, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಂದು ಕೊನೆಗೆ ಪಾರ್ಕಿನಲ್ಲಿಟ್ಟು ನೋಡಬೇಕು. ಮಟ್ಟ ಸರಿಯಾಗಿತ್ತು. ಮಟ್ಟ ಅಳೆಯುವ ಕಡ್ಡಿಯ ತುದಿಯಿಂದ ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟೆ. ನಡುವೆ ಕಪ್ಪು ಪುಡಿಯ ಒಂದು ಮಬ್ಬು ಚುಕ್ಕೆ, ಅದರ ಸುತ್ತ ಕಂದು ಬಳೆ, ಅದರಾಚೆ ಹರಡುತ್ತ ಹೋದ ತಿಳಿಗೆಂಪು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಇತ್ತು, ಆದರೆ ಕಾರಿನ ಬಾಗಿಲು ತೆರೆಯುವಾಗಲೇ ರಾಚುವಂಥದ್ದಲ್ಲ. ಕ್ಲಚ್ ಪೂರ್ತಿ ಸುಟ್ಟ ಗೇರ್‌ಬಾಕ್ಸಿನ ಎಣ್ಣೆ ಕಾಗದದ ಮೇಲೆ ಹರಡುವುದೇ ಇಲ್ಲ, ಕಾಡಿಗೆಯಂತೆ ಅಲ್ಲೇ ಕೂರುತ್ತದೆ. ಇದು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಆಮೇಲೆ ವ್ಯಾಕ್ಯೂಮ್ ಮಾಡ್ಯುಲೇಟರ್. ಗೇರ್‌ಬಾಕ್ಸಿನ ಹಿಂಬದಿಗೆ ಸಿಕ್ಕಿಸಿದ ಡಬ್ಬಿಯಂಥ ಭಾಗ ಇದು. ಎಂಜಿನ್ ಎಷ್ಟು ಹೊರೆಯಲ್ಲಿದೆ ಎಂಬುದನ್ನು ಇಂಟೇಕಿನ ನಿರ್ವಾತದಿಂದ ತಿಳಿದು ಎಣ್ಣೆಯ ಒತ್ತಡವನ್ನು ಹೆಚ್ಚುಕಡಿಮೆ ಮಾಡುತ್ತದೆ. ಒಳಗಿನ ಪೊರೆ ಹರಿದಿದ್ದರೆ ಎಂಜಿನ್ ಎಟಿಎಫನ್ನು ಹೀರಿಕೊಂಡು ಬಿಳಿ ಹೊಗೆ ಬಿಡುತ್ತದೆ. ರಬ್ಬರ್ ಕೊಳವೆ ಎಳೆದು ನೋಡಿದೆ, ಒಳಗೆ ಒಣಗಿತ್ತು. ಆದರೆ ಕೊಳವೆಯ ಬಾಯೊಳಗಿನ ಹೊಂದಾಣಿಕೆ ಸ್ಕ್ರೂವಿನ ಸೀಳಿನಲ್ಲಿ ಹೊಸ ಗೀರು ಹೊಳೆಯುತ್ತಿತ್ತು. ಯಾರೋ ಅದನ್ನು ಒಳಕ್ಕೆ ತಿರುಗಿಸಿ ಒತ್ತಡ ಏರಿಸಿದ್ದರು. ಕ್ಲಚ್ ಜಾರುತ್ತಿದ್ದರೆ ಒತ್ತಡ ಏರಿಸಿ ಹಿಡಿಸುವುದು ಬಹಳ ಕಡೆ ಮಾಡುವ ಉಪಾಯ. ಹಾಗೆ ಮಾಡಿದರೆ ಗೇರು ತಡವಾಗಿ ಮತ್ತು ಗಟ್ಟಿಯಾಗಿ ಬೀಳಬೇಕು. ಈ ಗಾಡಿಯಲ್ಲಿ ತಡವಾಗಿ ಬೀಳುತ್ತಿತ್ತು, ಗಟ್ಟಿಯಾಗಿ ಬೀಳುತ್ತಿರಲಿಲ್ಲ. ಈ ಎರಡು ಒಟ್ಟಿಗೆ ಇರುವುದು ವಿಚಿತ್ರ. ಗೇಜ್ ಹಾಕಿ ನೋಡಿದರೆ ಒತ್ತಡ ಇರಬೇಕಾದದ್ದಕ್ಕಿಂತ ಚೂರು ಮೇಲೆಯೇ ಇತ್ತು. ಎಂದರೆ ಪಂಪು ಚೆನ್ನಾಗಿದೆ, ಒತ್ತಡ ಬೇಕಾದಷ್ಟಿದೆ, ಕ್ಲಚ್ಚಿನ ಪ್ಲೇಟುಗಳು ಒಂದನ್ನೊಂದು ಒತ್ತಿಕೊಂಡಿವೆ, ಆದರೂ ಜಾರುತ್ತಿವೆ.

ಇಲ್ಲಿ ಸಿ-4ರ ಒಳಗಿನ ವ್ಯವಸ್ಥೆ ಬಹಳ ನೆರವಾಯಿತು. ಇದರಲ್ಲಿ ಎರಡು ಕ್ಲಚ್ ಕಟ್ಟುಗಳು, ಎರಡು ಬ್ಯಾಂಡುಗಳು (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಗಳು). ಮುಂದಿನ ಮೂರೂ ಗೇರುಗಳಲ್ಲಿ ಫಾರ್ವರ್ಡ್ ಕ್ಲಚ್ ಹಿಡಿದಿರುತ್ತದೆ. ಎರಡನೆಯದರಲ್ಲಿ ಅದರ ಜೊತೆಗೆ ಇಂಟರ್‌ಮೀಡಿಯೆಟ್ ಬ್ಯಾಂಡ್. ಮೂರಕ್ಕೆ ಹೋಗುವಾಗ ಆ ಬ್ಯಾಂಡ್ ಬಿಟ್ಟು ರಿವರ್ಸ್-ಹೈ ಕ್ಲಚ್ ಹಿಡಿಯಬೇಕು. ಹೆಸರೇ ಹೇಳುವಂತೆ ಇದೇ ಕ್ಲಚ್ ರಿವರ್ಸಿನಲ್ಲೂ ದುಡಿಯುತ್ತದೆ. ಮೂರನೇ ಗೇರಿನ ಕ್ಲಚ್ ನಿಜವಾಗಿ ಮುಗಿದಿದ್ದರೆ ರಿವರ್ಸ್ ಕೂಡ ಜಾರಬೇಕಲ್ಲವೇ?

ಸ್ಟಾಲ್ ಪರೀಕ್ಷೆ ಮಾಡಿದೆ. ಚಕ್ರಗಳಿಗೆ ಅಡ್ಡ ಕೊಟ್ಟು, ಬ್ರೇಕ್ ಬಿಗಿಯಾಗಿ ಒತ್ತಿ, ಗೇರ್ ಹಾಕಿ ಪೆಡಲನ್ನು ಪೂರ್ತಿ ಒತ್ತಿ ಎಂಜಿನ್ ಎಷ್ಟು ವೇಗಕ್ಕೆ ನಿಲ್ಲುತ್ತದೆ ನೋಡುವುದು. ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯಲ್ಲಿ ಶಾಖವಾಗುತ್ತಿರುತ್ತದೆ. ಒಂದು ಸಲ ಮಾಡಿದ ಮೇಲೆ ನ್ಯೂಟ್ರಲ್ಲಿನಲ್ಲಿ ಒಂದೆರಡು ನಿಮಿಷ ಓಡಿಸಿ ತಣಿಸಬೇಕು. ಡ್ರೈವಿನಲ್ಲೂ ರಿವರ್ಸಿನಲ್ಲೂ ಎಂಜಿನ್ ಹೆಚ್ಚುಕಡಿಮೆ ಒಂದೇ ಕಡೆ, ನಿಮಿಷಕ್ಕೆ 1,900 ಸುತ್ತಿನ ಆಸುಪಾಸು, ನಿಂತಿತು. ಏರಿನಲ್ಲಿ ಜಾರುತ್ತಿದ್ದ ಅದೇ ಕ್ಲಚ್ ರಿವರ್ಸಿನಲ್ಲಿ ಎಂಜಿನ್ನಿನ ಪೂರ್ತಿ ಬಲವನ್ನು ತಡೆದು ನಿಂತಿತ್ತು.

ವ್ಯತ್ಯಾಸ ಇಷ್ಟೇ: ರಿವರ್ಸಿನಲ್ಲಿ ಸಿ-4 ಎಣ್ಣೆಯ ಒತ್ತಡವನ್ನು ಬಹಳ ಹೆಚ್ಚಿಸುತ್ತದೆ. ಹೆಚ್ಚು ಒತ್ತಿದರೆ ಹಿಡಿಯುತ್ತದೆ ಎಂದರೆ ಪಿಸ್ಟನ್ನಿನ ಸೀಲು ಉಳಿದಿದೆ, ಪ್ಲೇಟಿನ ಮೇಲೆ ಹಿಡಿತ ಕೊಡುವ ಕಾಗದದಂಥ ಪದರವೂ ಉಳಿದಿದೆ. ಕಡಿಮೆಯಾದದ್ದು ಅದೇ ಒತ್ತಡಕ್ಕೆ ಸಿಗಬೇಕಾದ ಹಿಡಿತ. ಆ ಹಿಡಿತವನ್ನು ನಿರ್ಧರಿಸುವುದು ಎರಡೇ: ಪ್ಲೇಟಿನ ಮೈ ಮತ್ತು ಅದರ ಮೇಲಿನ ಎಣ್ಣೆ.

‘ಯಾವ ಎಣ್ಣೆ ಹಾಕಿಸಿದಿರಿ?’ ಎಂದು ಕೇಳಿದೆ. ಡಿಕ್ಕಿಯ ಮೂಲೆಯಿಂದ ಒಂದು ಖಾಲಿ ಡಬ್ಬಿ ತೆಗೆದುಕೊಟ್ಟರು. ಅದರ ಹಿಂಬದಿಯಲ್ಲಿ ಡೆಕ್ಸ್‌ರಾನ್-3 (ಜನರಲ್ ಮೋಟಾರ್ಸಿನ ಎಣ್ಣೆಯ ಹೆಸರು), ಮರ್ಕಾನ್ ಎಂದು ಎರಡೂ ಹೆಸರು ಅಚ್ಚಾಗಿತ್ತು. ‘ಮರ್ಕಾನ್ ಅಂದರೆ ಫೋರ್ಡಿನದೇ ಅಲ್ಲವೇ? ಗಾಡಿಯೂ ಫೋರ್ಡಿನದು. ಅದನ್ನು ನೋಡಿಯೇ ತಂದದ್ದು’ ಎಂದರು.

ಈ ಮಾತಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಿಳಿದವರೂ ಎಡವುವ ಜಾಗ ಇದು. ಮರ್ಕಾನ್ ಫೋರ್ಡಿನ ಹೆಸರೇ, ಆದರೆ ಅದು ಬಂದದ್ದು 1987ರಲ್ಲಿ. ಸಿ-4 ತಯಾರಾದದ್ದು 1964ರಿಂದ 1981ರವರೆಗೆ. ಈ ಗೇರ್‌ಬಾಕ್ಸಿಗೆ ಬೇಕಾದದ್ದು 1967ರಲ್ಲಿ ಫೋರ್ಡ್ ಗೊತ್ತುಮಾಡಿದ ಟೈಪ್ ಎಫ್. ಒಂದೇ ಕಂಪನಿಯ ಈ ಎರಡು ಎಣ್ಣೆಗಳು ಕ್ಲಚ್ಚಿನ ಮೇಲೆ ಮಾಡುವ ಕೆಲಸ ಪರಸ್ಪರ ವಿರುದ್ಧ. ಕಡ್ಡಿಯ ಚಪ್ಪಟೆ ಭಾಗವನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದೆ. ದಶಕಗಳ ಕಂದು ಜಿಡ್ಡಿನ ಕೆಳಗಿನಿಂದ ಒಂದೊಂದೇ ಅಕ್ಷರ ಎದ್ದುಬಂತು, ‘ಟೈಪ್ ಎಫ್’ ಎಂಬ ಎರಡು ಪದ ಓದುವಷ್ಟು ಸ್ಪಷ್ಟವಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಟಿಎಫ್ ಬದಲಿಸುವ ಬಗ್ಗೆ ನಡೆಯುವ ಚರ್ಚೆಯೆಲ್ಲ ಎಣ್ಣೆ ಎಷ್ಟು ದಪ್ಪ, ಎಷ್ಟು ತೆಳು ಎಂಬಲ್ಲಿಗೇ ಮುಗಿಯುತ್ತದೆ. ಟೈಪ್ ಎಫ್ ಮತ್ತು ಡೆಕ್ಸ್‌ರಾನ್-3 ಎರಡೂ ನೂರು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಏಳು, ಏಳೂವರೆ ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ) ಸುತ್ತಮುತ್ತ ಇರುತ್ತವೆ. ಎರಡೂ ಕೆಂಪು. ಆ ಬಣ್ಣ ಹಾಕುವುದು ಸೋರಿದಾಗ ಎಂಜಿನ್ ಆಯಿಲ್ಲಿನಿಂದ ಬೇರೆಯಾಗಿ ಗುರುತು ಸಿಗಲಿ ಎಂದು; ಒಳಗಿನ ಜಾತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬೆರಳ ನಡುವೆ ಉಜ್ಜಿದರೂ ವ್ಯತ್ಯಾಸ ಸಿಗದು. ವ್ಯತ್ಯಾಸ ಇರುವುದು ಫ್ರಿಕ್ಷನ್ ಮಾಡಿಫೈಯರ್ ಎಂಬ ಸೇರಿಕೆಯಲ್ಲಿ. ಡೆಕ್ಸ್‌ರಾನಿನಲ್ಲಿ ಅದಿದೆ, ಟೈಪ್ ಎಫ್‌ನಲ್ಲಿ ಇಲ್ಲ.

ಅದು ಮಾಡುವುದೇನು? ಭಾರದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಎಳೆಯುವಾಗ ಅದು ಕದಲುವ ತನಕ ಹೆಚ್ಚು ಬಲ ಬೇಕು, ಕದಲಿದ ಮೇಲೆ ಕಡಿಮೆ ಸಾಕು. ಜಾರುತ್ತಿರುವಾಗಿನ ಘರ್ಷಣೆ ಒಂದು, ನಿಂತಾಗಿನ ಘರ್ಷಣೆ ಇನ್ನೊಂದು. ಟೈಪ್ ಎಫ್‌ನಲ್ಲಿ ನೆನೆದ ಕ್ಲಚ್ ಪ್ಲೇಟುಗಳ ಸ್ವಭಾವವೂ ಹೀಗೆಯೇ. ಜಾರುವ ವೇಗ ತಗ್ಗುತ್ತ ಹೋದಂತೆ ಹಿಡಿತ ಏರುತ್ತದೆ, ಕೊನೆಯ ಕ್ಷಣದಲ್ಲಿ ಥಟ್ಟನೆ ಕಚ್ಚಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಎಸ್‌ಎಇ ನಂ. 2 ಎಂಬ ಯಂತ್ರದ ಮೇಲೆ ಇದನ್ನು ಅಳೆದಾಗ ಬರುವ ಗೆರೆ ಕೊನೆಯಲ್ಲಿ ಮೇಲಕ್ಕೆ ಬಾಗಿ ನಿಲ್ಲುತ್ತದೆ. ಆ ಕೆಲಸದವರು ಅದನ್ನು ಹುಂಜದ ಬಾಲ ಎಂದು ಕರೆಯುತ್ತಾರೆ. ಗೇರು ಬೀಳುವಾಗ ಬೆನ್ನಿಗೆ ತಾಕುವ ಸಣ್ಣ ತಳ್ಳು ಈ ಬಾಲದ್ದೇ.

ಫ್ರಿಕ್ಷನ್ ಮಾಡಿಫೈಯರ್ ಈ ಬಾಲವನ್ನು ಕತ್ತರಿಸುತ್ತದೆ. ಅದರ ಅಣುಗಳು ಲೋಹದ ಮತ್ತು ಕಾಗದದ ಮೈಗೆ ಅಂಟಿಕೊಂಡು ನುಣ್ಣನೆಯ ಪದರವಾಗಿ ನಿಲ್ಲುತ್ತವೆ. ಪ್ಲೇಟುಗಳು ನಿಲ್ಲುವ ಹೊತ್ತಿಗೆ ಹಿಡಿತ ಏರುವ ಬದಲು ಇಳಿಯುತ್ತದೆ, ಗೇರು ಮೆತ್ತಗೆ ಬೀಳುತ್ತದೆ. ಆದರೆ ಅದೇ ಕಾರಣಕ್ಕೆ ನಿಂತ ಪ್ಲೇಟು ತಡೆಯಬಲ್ಲ ಬಲವೂ ಕಡಿಮೆಯಾಗುತ್ತದೆ. ಡೆಕ್ಸ್‌ರಾನಿಗೆಂದೇ ಕಟ್ಟಿದ ಗೇರ್‌ಬಾಕ್ಸಿನಲ್ಲಿ ಇದಕ್ಕೆ ತಕ್ಕಂತೆ ಪ್ಲೇಟುಗಳ ಅಳತೆ, ಸಂಖ್ಯೆ, ಒತ್ತಡ ಎಲ್ಲ ಲೆಕ್ಕ ಹಾಕಿರುತ್ತಾರೆ. ಸಿ-4ರಲ್ಲಿ ಲೆಕ್ಕ ಹಾಕಿದ್ದು ಟೈಪ್ ಎಫ್‌ನ ಕಚ್ಚುವ ಗುಣವನ್ನು ನಂಬಿ. ಆ ಗುಣ ತೆಗೆದರೆ ಸಮತಟ್ಟಿನಲ್ಲಿ ಮೆತ್ತಗೆ ಓಡುತ್ತದೆ, ಏರಿನಲ್ಲಿ ಜಾರುತ್ತದೆ. ಜಾರಿದಷ್ಟೂ ಶಾಖ, ಶಾಖದಿಂದ ಪ್ಲೇಟಿನ ಕಾಗದ ಗಾಜಿನಂತೆ ನುಣ್ಣಗಾಗುತ್ತದೆ, ನುಣ್ಣಗಾದಷ್ಟೂ ಇನ್ನಷ್ಟು ಜಾರುತ್ತದೆ. ‘ಬೆಣ್ಣೆ ಹಾಗೆ’ ಎಂದು ಬರೆದ ದಿನವೇ ಈ ಸುತ್ತು ಆರಂಭವಾಗಿತ್ತು.

ಎರಡು ದಾರಿ ಯಾಕೆ ಹುಟ್ಟಿದವು ಎಂಬುದಕ್ಕೆ ಒಂದು ಚರಿತ್ರೆ ಇದೆ. ಜನರಲ್ ಮೋಟಾರ್ಸ್ 1949ರಲ್ಲಿ ಟೈಪ್ ಎ ಎಂಬ ಎಣ್ಣೆಯನ್ನು ಗೊತ್ತುಮಾಡಿತು. ಕೆಲವು ಕಾಲ ಬೇರೆ ಕಂಪನಿಗಳೂ ಅದನ್ನೇ ಬಳಸಿದವು. ಆ ಸಾಲು 1957ರಲ್ಲಿ ಟೈಪ್ ಎ ಸಫಿಕ್ಸ್ ಎ ಆಗಿ, 1960ರ ದಶಕದ ಕೊನೆಯಲ್ಲಿ ಡೆಕ್ಸ್‌ರಾನ್ ಆಗಿ ಮುಂದುವರಿಯಿತು. ಆ ಕಾಲದ ಫ್ರಿಕ್ಷನ್ ಮಾಡಿಫೈಯರ್ ಸ್ಪರ್ಮ್ ತಿಮಿಂಗಿಲದ ಎಣ್ಣೆ ಎಂದರೆ ಇವತ್ತು ನಂಬುವುದು ಕಷ್ಟ. 1970ರ ದಶಕದ ಆರಂಭದಲ್ಲಿ ಅಮೆರಿಕ ಅದರ ಬಳಕೆಗೆ ತಡೆ ಹಾಕಿದ ಮೇಲೆ ಬದಲಿ ರಾಸಾಯನಿಕ ಹುಡುಕಬೇಕಾಯಿತು, 1973ರಲ್ಲಿ ಡೆಕ್ಸ್‌ರಾನ್-2 ಬಂತು. ಫೋರ್ಡ್ 1959ರಿಂದಲೇ ತನ್ನದೇ ಮಾನದಂಡ ಮಾಡಿಕೊಂಡು, ಟೈಪ್ ಎಫ್‌ನಲ್ಲಿ ಮಾಡಿಫೈಯರನ್ನು ಕೈಬಿಟ್ಟು ಗಟ್ಟಿ ಹಿಡಿತದ ದಾರಿ ಹಿಡಿಯಿತು. ಹತ್ತು ವರ್ಷದಲ್ಲಿ ಅದೂ ಮನಸ್ಸು ಬದಲಿಸಿತು: 1977ರಲ್ಲಿ ಸಿಜೆ, ಆಮೇಲೆ ಎಚ್, ಕೊನೆಗೆ ಮರ್ಕಾನ್. ಇವೆಲ್ಲ ಮೆತ್ತನೆಯ ದಾರಿಯವು. ಅದಕ್ಕೇ ಡೆಕ್ಸ್‌ರಾನ್ ಮತ್ತು ಮರ್ಕಾನ್ ಒಂದೇ ಡಬ್ಬಿಯ ಮೇಲೆ ಹೊಂದಿಕೊಂಡು ಕೂತಿರುವುದು. ಅಲ್ಲಿಂದ ಹಿಂದಕ್ಕೆ, ಟೈಪ್ ಎಫ್‌ಗೆ, ಸೇತುವೆ ಇಲ್ಲ.

ಹಾಗಾದರೆ ಮೊದಲ ಸಲ ಬದಲಿಸಿದಾಗಲೇ ಯಾಕೆ ಜಾರಲಿಲ್ಲ? ನೋಟ್‌ಬುಕ್ಕಿನ ‘ನಾಲ್ಕು ಲೀಟರ್’ ಇದಕ್ಕೆ ಉತ್ತರ ಕೊಡುತ್ತದೆ. ಈ ಗಾಡಿಯ ಸಿ-4ರಲ್ಲಿ ಒಟ್ಟು ಸುಮಾರು ಒಂಬತ್ತೂವರೆ ಲೀಟರ್ ಎಣ್ಣೆ ಇರುತ್ತದೆ. ಪ್ಯಾನ್ ಬಿಚ್ಚಿದರೆ ಬರುವುದು ನಾಲ್ಕು. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ಕೂಲರಿನಲ್ಲಿ, ಕೊಳವೆಗಳಲ್ಲಿ. ಮೊದಲ ಬದಲಾವಣೆಯ ನಂತರ ಶೇ. 58ರಷ್ಟು ಟೈಪ್ ಎಫ್ ಒಳಗೇ ಇತ್ತು. ಎರಡನೆಯದರ ನಂತರ ಆ 58ರಲ್ಲಿ ಮತ್ತೆ ಶೇ. 58 ಭಾಗ, ಎಂದರೆ ಸುಮಾರು ಶೇ. 34. ಅರ್ಧಕ್ಕಿಂತ ಕಡಿಮೆ ಡೆಕ್ಸ್‌ರಾನ್ ಇದ್ದಾಗ ಗೇರು ಮೆತ್ತಗಾಯಿತು, ಮೂರರಲ್ಲಿ ಎರಡು ಪಾಲು ಆದಾಗ ಜಾರತೊಡಗಿತು. ಎರಡು ಎಣ್ಣೆಗಳು ಒಂದರಲ್ಲೊಂದು ಚೆನ್ನಾಗಿಯೇ ಬೆರೆಯುತ್ತವೆ. ಮೊಸರಿನಂತೆ ಒಡೆಯುತ್ತವೆ, ಗಟ್ಟಿಯಾಗುತ್ತವೆ ಎಂಬ ಮಾತು ಕೇಳಿದ್ದೇನೆ, ಅದರಲ್ಲಿ ಹುರುಳಿಲ್ಲ. ಬೆರೆಯುವುದೇ ತೊಂದರೆ. ಮಾಡಿಫೈಯರ್ ಮೈಗೆ ಅಂಟುವ ವಸ್ತು, ಸ್ವಲ್ಪ ಇದ್ದರೂ ತನ್ನ ಕೆಲಸ ಮಾಡುತ್ತದೆ. ಆದ್ದರಿಂದ ಸರಿಪಡಿಸಲು ಹೊರಟಾಗಲೂ ಪ್ಯಾನಿನ ನಾಲ್ಕು ಲೀಟರ್ ಮಾತ್ರ ಬದಲಿಸಿದರೆ ಸಾಲದು, ಒಳಗಿನದೆಲ್ಲ ಹೊರಬರಬೇಕು.

ಸ್ನೇಹಿತರು ಆಗಲೇ ಬ್ಯಾಂಡುಗಳನ್ನು ಬಿಗಿ ಮಾಡಿ, ಮಾಡ್ಯುಲೇಟರ್ ಹೊಸದು ಹಾಕಿ, ಎಣ್ಣೆಯನ್ನೂ ಬದಲಿಸಿ ಒಂದೇ ಸಲ ಎಲ್ಲ ಮುಗಿಸೋಣ ಎಂದರು. ನಾನು ಒಪ್ಪಲಿಲ್ಲ. ಇಂಟರ್‌ಮೀಡಿಯೆಟ್ ಬ್ಯಾಂಡಿನ ಹೊಂದಾಣಿಕೆ ತಪ್ಪಿದ್ದರೂ ಎರಡು-ಮೂರರ ನಡುವೆ ಎಂಜಿನ್ ಕೂಗುತ್ತದೆ. ಎಲ್ಲವನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ವಾಸಿಯಾಯಿತು ಎಂದು ಎಂದಿಗೂ ಗೊತ್ತಾಗುವುದಿಲ್ಲ. ಎಣ್ಣೆ ಮೊದಲು, ಅದೊಂದೇ. ಆಮೇಲೆ ಅದೇ ಏರು, ಅದೇ ಪೆಡಲ್.

ಇಳಿಸುವ ಕೆಲಸಕ್ಕೆ ಈ ಹಳೆಯ ಗಾಡಿ ಹೊಸ ಗಾಡಿಗಳಿಗಿಂತ ಅನುಕೂಲ. ಕನ್ವರ್ಟರಿಗೇ ಒಂದು ಡ್ರೈನ್ ಪ್ಲಗ್ ಇದೆ. ಇಂಥ ಒಳ್ಳೆಯ ವ್ಯವಸ್ಥೆಯನ್ನು ಮುಂದೆ ಕೈಬಿಟ್ಟದ್ದು ನನಗೆ ಈಗಲೂ ಬೇಸರದ ವಿಷಯ. ಗಾಡಿಯನ್ನು ಓಡಿಸಿ ಬಿಸಿ ಮಾಡಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಮೊದಲು ಪ್ಯಾನ್ ಖಾಲಿ ಮಾಡಿದೆ. ಕೆಳಗಿನ ಮುಚ್ಚಳ ತೆಗೆದು, ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತ ಹೋದೆ. ಪ್ಲಗ್ಗಿನ ತಲೆ ನಿಧಾನವಾಗಿ ಕೆಳಗೆ ಬಂತು. ಬಿಚ್ಚಿದಾಗ ಬೆರಳು ದಪ್ಪದ ಧಾರೆ ಸುರಿಯಿತು, ಐದು ನಿಮಿಷದ ಮೇಲೂ ಹನಿ ನಿಲ್ಲಲಿಲ್ಲ. ಅದನ್ನು ಹಾಗೆಯೇ ಬಿಟ್ಟು ಪ್ಯಾನನ್ನು ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಮಸಿಯಂಥ ತೆಳು ಪದರ, ಬೆರಳಿನಿಂದ ಗೆರೆ ಎಳೆದರೆ ಗೆರೆ ಉಳಿಯುವಷ್ಟು. ಲೋಹದ ಚೂರುಗಳಿರಲಿಲ್ಲ, ಕಾಗದದ ತುಂಡುಗಳೂ ಇರಲಿಲ್ಲ. ನನ್ನ ಎದೆಯ ಭಾರ ಇಳಿದದ್ದು ಆಗ. ತುಂಡುಗಳು ಸಿಕ್ಕಿದ್ದರೆ ಯಾವ ಎಣ್ಣೆಯೂ ಕಾಪಾಡುತ್ತಿರಲಿಲ್ಲ.

ಒಟ್ಟು ಹೊರಬಂದದ್ದು ಎಂಟೂವರೆ ಲೀಟರ್. ಒಂದು ಲೀಟರಿನಷ್ಟು ಕೂಲರ್ ಮತ್ತು ಕ್ಲಚ್ ಡ್ರಮ್ಮುಗಳಲ್ಲಿ ಉಳಿದಿರಬೇಕು. ಪ್ಲಗ್ ಬಿಗಿ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ, ಟೈಪ್ ಎಫ್ ಐದು ಲೀಟರ್ ಸುರಿದು ಎಂಜಿನ್ ಚಾಲೂ ಮಾಡಿದೆ. ಕನ್ವರ್ಟರ್ ತುಂಬಿಕೊಳ್ಳುತ್ತಿದ್ದಂತೆ ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದೆ. ಮುನ್ನೂರು ಕಿ.ಮೀ. ಓಡಿದ ಮೇಲೆ ಇದೇ ಕೆಲಸ ಇನ್ನೊಮ್ಮೆ. ಮೊದಲ ಸಲ ಹತ್ತರಲ್ಲಿ ಒಂದು ಪಾಲು ಹಳೆಯದು ಉಳಿದಿದ್ದರೆ ಎರಡನೆಯ ಸಲಕ್ಕೆ ಅದು ನೂರರಲ್ಲಿ ಒಂದು.

ಮೊದಲ ತುಂಬುವಿಕೆಯ ನಂತರ ಸ್ನೇಹಿತರೇ ಓಡಿಸಿದರು, ನಾನು ಪಕ್ಕದಲ್ಲಿ. ಎರಡನೇ ಗೇರು ಬಿದ್ದಾಗ ಸೀಟು ಬೆನ್ನಿಗೆ ಒತ್ತಿತು. ಅವರು ಗಾಬರಿಯಿಂದ ಕಾಲು ತೆಗೆದು, ‘ಏನೋ ಮುರಿಯಿತು’ ಎಂದರು. ‘ಈ ಗೇರ್‌ಬಾಕ್ಸ್ ಬೀಳಬೇಕಾದದ್ದೇ ಹೀಗೆ, ಹೋಗಿ’ ಎಂದೆ. ಎರಡರಿಂದ ಮೂರಕ್ಕೆ ಗುಂಡಿ ಇನ್ನೂ ಇತ್ತು, ಆದರೆ ಮೊದಲಿನ ಅರ್ಧದಷ್ಟು. ಏರಿನಲ್ಲಿ ಪೆಡಲ್ ಒತ್ತಿದಾಗ ಎಂಜಿನ್ ಮತ್ತು ಗಾಡಿ ಒಟ್ಟಿಗೆ ಏರಿದವು. ಎರಡನೆಯ ಬದಲಾವಣೆಯ ನಂತರ, ಬಿಸಿಯಾದ ಮೇಲೆ, ಗುಂಡಿ ಪೂರ್ತಿ ಹೋಯಿತು.

ಆಮೇಲಷ್ಟೇ ಉಳಿದದ್ದಕ್ಕೆ ಕೈ ಹಾಕಿದೆ. ಮಾಡ್ಯುಲೇಟರಿನ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಒತ್ತಡವನ್ನು ಇರಬೇಕಾದಲ್ಲಿಗೆ ತಂದಾಗ ಗೇರು ಬೀಳುವ ಹೊತ್ತು ಸರಿಹೋಯಿತು, ಹಿಡಿತ ಹಾಗೇ ಉಳಿಯಿತು. ಇಂಟರ್‌ಮೀಡಿಯೆಟ್ ಬ್ಯಾಂಡಿನ ಸ್ಕ್ರೂವನ್ನು ಹತ್ತು ಅಡಿ-ಪೌಂಡ್, ಎಂದರೆ 13.6 ನ್ಯೂಟನ್ ಮೀಟರಿಗೆ ಬಿಗಿದು ಒಂದೂಮುಕ್ಕಾಲು ಸುತ್ತು ಹಿಂದಕ್ಕೆ ಬಿಟ್ಟೆ. ಲೋ-ರಿವರ್ಸ್ ಬ್ಯಾಂಡನ್ನು ಅಷ್ಟೇ ಬಿಗಿದು ಮೂರು ಸುತ್ತು. ಅವು ಹೆಚ್ಚೇನೂ ಹದ ತಪ್ಪಿರಲಿಲ್ಲ.

ಈ ಪ್ರಕರಣ ಹೇಳಿದಾಗ ಎಲ್ಲರೂ ಮುಂದೆ ಕೇಳುವುದು ಇದನ್ನೇ: ಉಲ್ಟಾ ಮಾಡಿದರೆ? ಡೆಕ್ಸ್‌ರಾನ್ ಬೇಕಾದ ಹಳೆಯ ಗೇರ್‌ಬಾಕ್ಸಿಗೆ ಟೈಪ್ ಎಫ್ ಹಾಕಿದರೆ ಗೇರು ಒದೆಯುತ್ತದೆ. ರೇಸಿನವರು ಬೇಕೆಂದೇ ಹಾಗೆ ಹಾಕುತ್ತಾರೆ, ಕ್ಲಚ್ ಜಾರುವ ಹೊತ್ತು ಕಡಿಮೆಯಾಗಲಿ ಎಂದು. ಅವರು ಗೇರ್‌ಬಾಕ್ಸನ್ನು ಆಗಾಗ ಬಿಚ್ಚುವವರು. ದಿನಬಳಕೆಯ ಗಾಡಿಗೆ ನಾನು ಅದನ್ನು ಹೇಳುವುದಿಲ್ಲ. ಅದರಲ್ಲೂ ಕನ್ವರ್ಟರಿನೊಳಗೆ ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕೂಡಿಸುವ ಕ್ಲಚ್) ಇರುವ ಗಾಡಿಗಂತೂ ಬೇಡವೇ ಬೇಡ. ಆ ಕ್ಲಚ್ ಹಿಡಿಯುವಾಗ ಬಿಟ್ಟುಬಿಟ್ಟು ಕಚ್ಚಿ ಇಡೀ ಗಾಡಿ ನಡುಗುತ್ತದೆ.

ಒಂದೇ ಸಾಲಿನೊಳಗೆ ಹಳೆಯದರ ಬದಲು ಹೊಸದು ಹಾಕುವ ಮಾತು ಬೇರೆ. ಡೆಕ್ಸ್‌ರಾನ್-2 ಕೇಳುವ ಗಾಡಿಗೆ ಡೆಕ್ಸ್‌ರಾನ್-3 ಹಾಕಲು ನಾನು ಅಳುಕುವುದಿಲ್ಲ. 2005ರಲ್ಲಿ ಬಂದ ಡೆಕ್ಸ್‌ರಾನ್-6 ಹಿಂದಿನವುಗಳಿಗೂ ಒಗ್ಗುತ್ತದೆ ಎಂದು ಜನರಲ್ ಮೋಟಾರ್ಸೇ ಹೇಳಿದೆ. ಅದು ನೂರು ಡಿಗ್ರಿಯಲ್ಲಿ 6.4 ಸೆಂಟಿಸ್ಟೋಕ್ಸಿಗಿಂತ ದಪ್ಪ ಇರುವಂತಿಲ್ಲ, ಹಿಂದಿನದಕ್ಕಿಂತ ತೆಳು. ಆದರೆ ಓಡುತ್ತ ಓಡುತ್ತ ತೆಳ್ಳಗಾಗುವುದು ಕಡಿಮೆ. ಸೀಲು ಗಟ್ಟಿಯಾಗಿ, ಕವಾಟಗಳು ಸವೆದು ಸಡಿಲವಾದ ನಲವತ್ತು ವರ್ಷದ ಗೇರ್‌ಬಾಕ್ಸಿಗೆ ಅದನ್ನು ಹಾಕುವ ಮೊದಲು ನಾನಾದರೆ ಬಿಸಿ ಎಣ್ಣೆಯ ಒತ್ತಡವನ್ನು ಗೇಜಿನಲ್ಲಿ ನೋಡುತ್ತೇನೆ. ಇನ್ನೊಂದು ವಿಷಯ ತಿಳಿದಿರಲಿ: ಡೆಕ್ಸ್‌ರಾನ್-3ಕ್ಕೆ ಪರವಾನಗಿ ಕೊಡುವುದನ್ನು 2006ರ ಕೊನೆಗೆ ನಿಲ್ಲಿಸಲಾಯಿತು. ಇಂದು ಆ ಹೆಸರಿನಲ್ಲಿ ಸಿಗುವ ಡಬ್ಬಿಯ ಗುಣಕ್ಕೆ ತುಂಬಿದವರ ಮಾತೇ ಆಧಾರ. ‘ಎಲ್ಲ ಗಾಡಿಗೂ’ ಎಂದು ಬರೆದ ಡಬ್ಬಿ ಕಂಡರೆ ಹಿಂದಿನ ಸಣ್ಣ ಅಕ್ಷರದಲ್ಲಿ ಟೈಪ್ ಎಫ್ ಇದೆಯೇ ಎಂದು ನೋಡಿ. ಕಚ್ಚುವ ಗುಣವೂ ಜಾರುವ ಗುಣವೂ ಒಂದೇ ದ್ರವದಲ್ಲಿ ಇರಲಾರದು.

ಟೈಪ್ ಎಫ್ ಫೋರ್ಡಿಗೆ ಮಾತ್ರ ಎಂದುಕೊಳ್ಳುವುದೂ ತಪ್ಪು. 1980ರ ದಶಕದ ಆರಂಭದವರೆಗಿನ ಹಲವು ಟೊಯೋಟಾ ಮತ್ತು ವೋಲ್ವೋ ಆಟೋಮ್ಯಾಟಿಕ್‌ಗಳೂ ಅದನ್ನೇ ಕೇಳುತ್ತವೆ, ಅವುಗಳ ನಂತರದ ಮಾದರಿಗಳು ಡೆಕ್ಸ್‌ರಾನ್ ಕೇಳುತ್ತವೆ. ಹೊರಗಿನಿಂದ ಗೇರ್‌ಬಾಕ್ಸ್ ಒಂದೇ ಥರ ಕಾಣುತ್ತದೆ. ಗಾಡಿಯ ಹೆಸರು ಹೇಳಿ ಎಣ್ಣೆ ಕೇಳಿದರೆ ಸಾಲದು, ಆ ವರ್ಷದ ಪುಸ್ತಕವನ್ನೇ ತೆಗೆಯಬೇಕು.

ಹದಿನಾಲ್ಕು ತಿಂಗಳ ಮೇಲೆ ಮಸ್ಟಾಂಗ್ ಮತ್ತೆ ಬಂತು, ಮೂರೂವರೆ ಸಾವಿರ ಕಿ.ಮೀ. ಓಡಿತ್ತು. ಪ್ಯಾನ್ ಬಿಚ್ಚಿದರೆ ತಳದಲ್ಲಿ ಬೂದು ಬಣ್ಣದ ತೆಳು ಲೇಪ, ಆ ಹಿಂದಿನ ಮಸಿ ಇಲ್ಲ. ಟಿಶ್ಯೂ ಮೇಲಿನ ಹನಿ ಅಂಚಿನ ತನಕ ಒಂದೇ ಕೆಂಪು. ಪೂರ್ತಿ ವಾಸಿಯಾಯಿತು ಎಂದು ನಾನು ಬರೆಯಲಾರೆ. ಚಳಿಯ ಬೆಳಿಗ್ಗೆ ಮೊದಲ ಒಂದೆರಡು ಕಿ.ಮೀ.ಯಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಈಗಲೂ ಕ್ಷಣ ಹೊತ್ತು ಏರುತ್ತದೆ. ಆ ಒಂದು ವರ್ಷದಲ್ಲಿ ನುಣ್ಣಗಾದ ಪ್ಲೇಟುಗಳು ಮತ್ತೆ ಒರಟಾಗುವುದಿಲ್ಲ. ಗೇರ್‌ಬಾಕ್ಸ್ ಇಳಿಸಿ ರಿವರ್ಸ್-ಹೈ ಕ್ಲಚ್ಚಿನ ಪ್ಲೇಟುಗಳನ್ನು ಮಾತ್ರ ಬದಲಿಸಬಹುದು ಎಂದು ಹೇಳಿದ್ದೇನೆ. ಎಂಜಿನ್ ಇಳಿಸುವ ಕೆಲಸ ಬಂದಾಗ ಒಟ್ಟಿಗೆ ಮಾಡೋಣ ಎಂದಿದ್ದಾರೆ ಅವರು. ಅಲ್ಲಿಯವರೆಗೆ ಬೆಳಗಿನ ಮೊದಲ ಎರಡು ಕಿ.ಮೀ. ಕಾಲು ಹಗುರವಾಗಿಟ್ಟು ಓಡಿಸುತ್ತಾರೆ. ಕಡ್ಡಿಯ ಕೊಳವೆಯ ಕುತ್ತಿಗೆಗೆ ‘ಟೈಪ್ ಎಫ್ ಮಾತ್ರ’ ಎಂದು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿದ್ದೇವೆ. ನೋಟ್‌ಬುಕ್ಕಿನ ಆ ಹಳೆಯ ಸಾಲನ್ನು ಅವರು ಹೊಡೆದು ಹಾಕಿಲ್ಲ, ಪಕ್ಕದಲ್ಲಿ ಡಬ್ಬಿಯ ಹೆಸರನ್ನು ಸೇರಿಸಿ ಬರೆದಿದ್ದಾರೆ.